ಗಲಾಟೆ ಡಬ್ಬಿ ಮತ್ತು ಲ್ಯಾಬ್ ರೆಕಾರ್ಡು

ಎರಡು ತಿಂಗಳ ಹಿಂದಿನ ಒಂದು ಭಾನುವಾರ. ಊಟ ಮುಗಿಸಿ ಬೀದಿಯೆಲ್ಲ ತೂಕಡಿಸುವ ಹೊತ್ತು. ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದರು. "ನಿಮ್ಮನೇಲಿ ಮಿಕ್ಸಿ ಏನಾದ್ರೂ ಕೆಟ್ಟಿದೆಯಾ ಸಾರ್? ಒಂದು ಗಂಟೆಯಿಂದ ಯಾವುದೋ ಪ್ರಾಣಿ ಒದ್ದಾಡ್ದಂಗೆ ಕೇಳ್ತಿದೆ..."

"ಮಿಕ್ಸಿ ಅಲ್ಲ ಸಾರ್, ನಾವೇ ಮಾಡ್ತಿರೋ ವಾದ್ಯ" ಅಂದೆ.

ಅವರು ನನ್ನ ಮುಖ ನೋಡಿದರು. ನನ್ನ ಹಿಂದೆ ಊಟದ ಮೇಜಿನ ಮೇಲೆ ಹರಡಿದ್ದ ವೈರು, ಬ್ಯಾಟರಿ, ಹಳೇ ಕಂಪ್ಯೂಟರ್ ಸ್ಪೀಕರ್ ನೋಡಿದರು. "ಓ... ಹೌದಾ... ಮಾಡಿ ಮಾಡಿ" ಅಂತ ಹೊರಟುಹೋದರು. ವಾದ್ಯ ಅನ್ನುವ ಮಾತನ್ನು ನಂಬಿದ ಹಾಗೆ ಕಾಣಲಿಲ್ಲ :)

ನಿಜ ಹೇಳಬೇಕೆಂದರೆ ಅದನ್ನು ವಾದ್ಯ ಅನ್ನೋದು ಸ್ವಲ್ಪ ಜಂಬದ ಮಾತೇ. ತಿಳಿದವರು ನಾಯ್ಸ್ ಸಿಂಥ್ ಅಂತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಬಿದ್ದ ಹೆಸರು ಗಲಾಟೆ ಡಬ್ಬಿ. ಒಂದು ಐಸಿ, ಮೂರು ತಿರುಗಿಸುವ ನಾಬ್, ಒಂದು 9 ವೋಲ್ಟ್ ಬ್ಯಾಟರಿ. ತಿರುಗಿಸಿದರೆ ಟಕಟಕ ಅನ್ನುತ್ತೆ, ಪರಪರ ಅನ್ನುತ್ತೆ, ಗುಂಯ್ ಅನ್ನುತ್ತೆ, ಕೊನೆಗೆ ಕೀಂ ಅಂತ ಕಿರುಚುತ್ತೆ. ಅಷ್ಟೇ ಅದರ ಕೆಲಸ.

ಇದನ್ನು ಈಗ ಬರೆಯೋದಕ್ಕೆ ಕಾರಣ ಕಳೆದ ವಾರ ಬಂದ ಒಂದು ಫೋನು. ಅದನ್ನು ಕೊನೆಗೆ ಹೇಳ್ತೀನಿ. ಮೊದಲು ಡಬ್ಬಿಯ ಕಥೆ.

ಅಕ್ಕನ ಮಗ ಎಂಜಿನಿಯರಿಂಗ್ ಎರಡನೇ ವರ್ಷ, ಎಲೆಕ್ಟ್ರಾನಿಕ್ಸ್. ರಜೆಗೆ ನಮ್ಮ ಮನೆಗೆ ಬಂದವನು ಕೂತು ಲ್ಯಾಬ್ ರೆಕಾರ್ಡ್ ಬರೀತಿದ್ದ. ಪಕ್ಕದಲ್ಲಿ ಯಾವನೋ ಸೀನಿಯರ್‌ನ ಹೋದ ವರ್ಷದ ರೆಕಾರ್ಡು. ಮಕ್ಕಿಕಾಮಕ್ಕಿ ಇಳಿಸ್ತಿದ್ದಾನೆ.

"ಇದೇನೋ, ರೀಡಿಂಗೂ ಅವನದ್ದೇನಾ?"

"ಎಲ್ಲರೂ ಹಂಗೇ ಮಾಮ. ನಮ್ಮ ಬ್ಯಾಚಿನ ಸರ್ಕ್ಯೂಟು ವರ್ಕೇ ಆಗ್ಲಿಲ್ಲ. ವರ್ಕ್ ಆಗ್ಲಿಲ್ಲ ಅಂತ ಬರೆದ್ರೆ ಸೈನ್ ಹಾಕಲ್ಲ." ಆಮೇಲೆ ಪೆನ್ನು ಕೆಳಗಿಟ್ಟು, "ನಂಗೆ ಎಲೆಕ್ಟ್ರಾನಿಕ್ಸ್ ತಲೆಗೆ ಹತ್ತಲ್ಲ ಮಾಮ. ಹೇಗಾದ್ರೂ ಪಾಸ್ ಮಾಡ್ಕೊಂಡು ಸಾಫ್ಟ್‌ವೇರ್‌ಗೆ ಹೋಗ್ಬಿಡ್ತೀನಿ" ಅಂದ.

ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಯಾಕೆಂದರೆ ನಾನೂ ಅದೇ ಗರಡಿಯಲ್ಲಿ ಪಳಗಿದವನು. ನಮ್ಮ ಕಾಲದಲ್ಲೂ 555 ಟೈಮರ್ ಪ್ರಯೋಗ ಇತ್ತು. ಹಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ವಿನ್ಯಾಸ ಮಾಡಿ, ಸಿಗ್ನೆಟಿಕ್ಸ್ ಕಂಪನಿ ಮರುವರ್ಷ ಮಾರುಕಟ್ಟೆಗೆ ತಂದ ಎಂಟು ಕಾಲಿನ ಪುಟ್ಟ ಚಿಪ್ಪು ಅದು. ಪ್ರಪಂಚದಲ್ಲಿ ಅದರಿಂದ ಸದ್ದು ಮಾಡಿಸದ ಹವ್ಯಾಸಿ ಇಲ್ಲ. ನಾವು ಮಾತ್ರ ಮಾಡಿಸಲಿಲ್ಲ. ವೈವಾದಲ್ಲಿ "1.44 ಅನ್ನು ಆರ್‌ಎ ಪ್ಲಸ್ 2 ಆರ್‌ಬಿ ಇಂಟು ಸಿ ಇಂದ ಭಾಗಿಸಬೇಕು ಸಾರ್" ಅಂತ ನಿದ್ದೆಯಲ್ಲೂ ಹೇಳ್ತಿದ್ದೆ. ಸಿಆರ್‌ಓ ಮುಂದೆ ಹತ್ತು ಜನ ಮುಗಿಬೀಳುತ್ತಿದ್ದೆವು. ಪರದೆಯ ಮೇಲೆ ಕಂಡೂ ಕಾಣದ ಹಸಿರು ಗೆರೆ. ರೆಕಾರ್ಡಿನಲ್ಲಿ ಮಾತ್ರ ಸ್ಕೇಲಿಟ್ಟು ಎಳೆದ ಅಂದವಾದ ಚೌಕದ ಅಲೆ, ಪಕ್ಕದಲ್ಲಿ 1 ಕಿಲೋಹರ್ಟ್ಸ್ ಅಂತ ಬರಹ. ಪೂರ್ತಿ ಮಾರ್ಕ್ಸ್ ಬಂತು. ಆ 1 ಕಿಲೋಹರ್ಟ್ಸ್ ಕಿವಿಗೆ ಹೇಗಿರುತ್ತೆ ಅಂತ ನಮ್ಮಲ್ಲಿ ಒಬ್ಬನೂ ಕೇಳಿರಲಿಲ್ಲ. ಒಂದು ಸ್ಪೀಕರ್ ತಗುಲಿಸಿದ್ದರೆ ಮುಗೀತಿತ್ತು. ಆದರೆ ಸ್ಪೀಕರ್ ಸಿಲಬಸ್‌ನಲ್ಲಿ ಇರಲಿಲ್ಲ.

"ಎದ್ದೇಳು, ನಾಳೆ ಎಸ್.ಪಿ. ರೋಡಿಗೆ ಹೋಗೋಣ" ಅಂದೆ.

ಎಸ್.ಪಿ. ರೋಡ್ ಗೊತ್ತಲ್ಲ? ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಬೇಕಾದವರಿಗೆ ಅದೇ ಕಾಶಿ. ಎರಡಾಳು ಎದುರಾದರೆ ಒಬ್ಬರು ಓರೆಯಾಗಬೇಕಾದ ಅಂಗಡಿಗಳು, ಗೋಡೆ ತುಂಬ ಪುಟ್ಟ ಪುಟ್ಟ ಡ್ರಾಯರ್‌ಗಳು. ಬ್ರೆಡ್‌ಬೋರ್ಡು, ನಾಬ್‌ಗಳು, ಬಿಡಿ ವೈರು, ಬ್ಯಾಟರಿ ಎಲ್ಲ ಸೇರಿ 300 ರೂಪಾಯಿ ಆಸುಪಾಸಿನಲ್ಲಿ ಮುಗೀತು. ಸ್ಪೀಕರ್ ಮನೆಯ ಅಟ್ಟದ ಮೇಲಿತ್ತು.

ಮಾಡಬೇಕೆಂದುಕೊಂಡ ಸರ್ಕ್ಯೂಟು ಬಹಳ ಹಳೆಯದು, ಬಹಳ ಸರಳವಾದದ್ದು. ನಿಕೋಲಸ್ ಕಾಲಿನ್ಸ್ ಎಂಬ ಅಮೆರಿಕದ ಸಂಗೀತಗಾರರು 2006ರಲ್ಲಿ "ಹ್ಯಾಂಡ್‌ಮೇಡ್ ಎಲೆಕ್ಟ್ರಾನಿಕ್ ಮ್ಯೂಸಿಕ್" ಅಂತ ಪುಸ್ತಕ ತಂದರು. ಎಂಜಿನಿಯರಿಂಗ್ ಓದದ ಕಲಾವಿದರಿಗೆ ಬೆಸುಗೆ ಹಾಕಿ ಸದ್ದು ಮಾಡೋದನ್ನು ಕಲಿಸುವ ಪುಸ್ತಕ. ಇಂಥ ಆಸಿಲೇಟರುಗಳನ್ನು ಮನೆಮಾತು ಮಾಡಿದವರಲ್ಲಿ ಅವರೂ ಒಬ್ಬರು.

ಬೇಕಾಗಿರೋದು 40106 ಅನ್ನೋ ಐಸಿ. ಹದಿನಾಲ್ಕು ಕಾಲು. ಒಳಗೆ ಆರು ಇನ್ವರ್ಟರ್‌ಗಳಿವೆ. ಇನ್ವರ್ಟರ್ ಅಂದರೆ ಶುದ್ಧ ತರಲೆ: ಒಳಗೆ ಹೌದು ಅಂತ ಕೊಟ್ಟರೆ ಹೊರಗೆ ಇಲ್ಲ ಅನ್ನುತ್ತೆ, ಇಲ್ಲ ಅಂದರೆ ಹೌದು ಅನ್ನುತ್ತೆ. 14ನೇ ಕಾಲಿಗೆ ಬ್ಯಾಟರಿಯ ಪ್ಲಸ್, 7ನೇ ಕಾಲಿಗೆ ಮೈನಸ್. 1ನೇ ಕಾಲು ಒಳದಾರಿ, 2ನೇ ಕಾಲು ಹೊರದಾರಿ. 1ರಿಂದ ಮೈನಸ್‌ಗೆ ಒಂದು ಕೆಪಾಸಿಟರ್ ಹಾಕಿ, 0.1 ಮೈಕ್ರೋಫ್ಯಾರಡ್ (ಅದರ ಬೆನ್ನಿನ ಮೇಲೆ 104 ಅಂತ ಬರೆದಿರುತ್ತೆ). 2ರಿಂದ 1ಕ್ಕೆ ವಾಪಸ್ ಒಂದು 10 ಕಿಲೋಓಮ್ ರೆಸಿಸ್ಟರ್, ಅದರ ಸಾಲಿಗೆ 1 ಮೆಗಾಓಮ್‌ನ ನಾಬ್. ಮುಗೀತು! ಒಂದು ಆಸಿಲೇಟರ್ ತಯಾರು. ಹೀಗೇ 3-4ರಲ್ಲಿ ಇನ್ನೊಂದು, 5-6ರಲ್ಲಿ ಮತ್ತೊಂದು. ಉಪಯೋಗಿಸದ ಒಳದಾರಿಗಳನ್ನು (9, 11, 13) ಮೈನಸ್‌ಗೆ ಕಟ್ಟಿಬಿಡಿ, ಇಲ್ಲದಿದ್ದರೆ ಅವು ತಮ್ಮಷ್ಟಕ್ಕೆ ಚೇಷ್ಟೆ ಮಾಡ್ತವೆ. ಮೂರೂ ಹೊರದಾರಿಗಳಿಂದ ಒಂದೊಂದು 100 ಕಿಲೋಓಮ್ ತಂದು ಒಂದೆಡೆ ಸೇರಿಸಿ, ಅಲ್ಲಿಂದ ಮೈನಸ್‌ಗೆ 4.7 ಕಿಲೋಓಮ್ ಹಾಕಿದರೆ ಸದ್ದು ಸ್ಪೀಕರಿಗೆ ತಡೆಯುವಷ್ಟಾಗುತ್ತೆ. ಆ ಸೇರಿದ ಜಾಗದಿಂದ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ, ತನ್ನದೇ ಆಂಪ್ಲಿಫಯರ್ ಇರುವ ಕಂಪ್ಯೂಟರ್ ಸ್ಪೀಕರಿಗೆ.

ಎರಡು ಬುದ್ಧಿಮಾತು: ಇಯರ್‌ಫೋನ್ ಹಾಕಿಕೊಂಡು ಪ್ರಯೋಗ ಮಾಡಬೇಡಿ. ಗೋಡೆಯ ಕರೆಂಟಿನ ಸಹವಾಸವೂ ಈ ಬೋರ್ಡಿಗೆ ಬೇಡ, ಬ್ಯಾಟರಿ ಸಾಕು. ಸ್ಪೀಕರ್ ಕೂಡ ಬ್ಯಾಟರಿದೋ ಯುಎಸ್‌ಬಿದೋ ಆದರೆ ಇನ್ನೂ ಒಳ್ಳೇದು.

ಎಲ್ಲ ಜೋಡಿಸಿ ಬ್ಯಾಟರಿ ಸಿಕ್ಕಿಸಿದೆವು.

ಸದ್ದೇ ಇಲ್ಲ.

ನಾಬ್ ತಿರುಗಿಸಿದೆವು, ವೈರು ಕಿತ್ತು ಮತ್ತೆ ಸಿಕ್ಕಿಸಿದೆವು, ಸ್ಪೀಕರಿಗೆ ಎರಡೇಟು ಹಾಕಿದೆವು (ಇದು ಎಲ್ಲ ಭಾರತೀಯ ರಿಪೇರಿಗಳ ಮೊದಲ ಹೆಜ್ಜೆ). ಏನೂ ಇಲ್ಲ. ಹುಡುಗ "ನಾನು ಹೇಳಿದ್ನಲ್ಲ" ಅನ್ನೋ ಮುಖ ಮಾಡಿದ. ಮಲ್ಟಿಮೀಟರ್ ಅವನ ಕೈಗೆ ಕೊಟ್ಟೆ. 1ನೇ ಕಾಲು ಮುಟ್ಟಿದ, 4.4 ವೋಲ್ಟ್. 2ನೇ ಕಾಲು ಮುಟ್ಟಿದ, ಅದೂ 4.4.

"ಬ್ಯಾಟರಿಯ ಅರ್ಧ ಮಾಮ. ಒಳಗೂ ಅರ್ಧ, ಹೊರಗೂ ಅರ್ಧ. ಹೌದೂ ಅನ್ನಲ್ಲ ಇಲ್ಲಾನೂ ಅನ್ನಲ್ಲ. ಮಧ್ಯದಲ್ಲಿ ಕೂತ್ಬಿಟ್ಟಿದೆ."

ಆಗ ಐಸಿಯನ್ನು ಬೆಳಕಿಗೆ ಹಿಡಿದು ಓದಿದೆ. 4069! ಅಂಗಡಿಯವರ ತಪ್ಪಲ್ಲ. "ಆರು ಇನ್ವರ್ಟರ್ ಇರೋ ಐಸಿ ಕೊಡಿ" ಅಂತ ಕೇಳಿದ್ದು ನಾನೇ, ಕೊಟ್ಟದ್ದನ್ನು ಓದದೆ ಜೇಬಿಗೆ ಹಾಕಿಕೊಂಡದ್ದೂ ನಾನೇ. ಎರಡಕ್ಕೂ ಕಾಲುಗಳ ಜೋಡಣೆ ಒಂದೇ, ಎರಡರಲ್ಲೂ ಆರಾರು ಇನ್ವರ್ಟರ್. ವ್ಯತ್ಯಾಸ ಒಂದೇ ಒಂದು. 40106ರಲ್ಲಿ ಇರುವವು ಸ್ಮಿಟ್ ಟ್ರಿಗರ್ ಇನ್ವರ್ಟರ್‌ಗಳು.

ಇದು ಅರ್ಥ ಆಗಬೇಕಾದರೆ ಮನೆಯ ತಾರಸಿ ಮೇಲಿನ ನೀರಿನ ಟ್ಯಾಂಕು ನೆನಪಿಸಿಕೊಳ್ಳಿ. ಆಟೋಮ್ಯಾಟಿಕ್ ಮೋಟರ್ ಇದ್ದರೆ, ಟ್ಯಾಂಕು ಕಾಲು ಭಾಗಕ್ಕೆ ಇಳಿದಾಗ ಆನ್ ಆಗಿ ಪೂರ್ತಿ ತುಂಬಿದಾಗ ಆಫ್ ಆಗುತ್ತೆ. ಎರಡು ಬೇರೆ ಬೇರೆ ಗುರುತುಗಳು. ಎರಡಕ್ಕೂ ಒಂದೇ ಗುರುತು ಇಟ್ಟಿದ್ದರೆ ನೀರು ಆ ಗುರುತಿನಲ್ಲೇ ನಿಂತು, ಮೋಟರ್ ಆನೂ ಅಲ್ಲದ ಆಫೂ ಅಲ್ಲದ ಒದ್ದಾಟಕ್ಕೆ ಬೀಳುತ್ತೆ. 4069 ಮಾಡ್ತಿದ್ದದ್ದು ಅದನ್ನೇ. 40106ಕ್ಕೆ ಎರಡು ಗುರುತುಗಳಿವೆ. ಕೆಪಾಸಿಟರ್ ಅನ್ನೋ ಟ್ಯಾಂಕು ರೆಸಿಸ್ಟರ್ ಅನ್ನೋ ನಲ್ಲಿಯ ಮೂಲಕ ತುಂಬುತ್ತಾ ಮೇಲಿನ ಗುರುತು ಮುಟ್ಟುತ್ತೆ, ತಕ್ಷಣ ಹೊರದಾರಿ ಮಗುಚಿಕೊಳ್ಳುತ್ತೆ. ಅದೇ ನಲ್ಲಿಯಲ್ಲಿ ಖಾಲಿಯಾಗುತ್ತಾ ಕೆಳಗಿನ ಗುರುತು ಮುಟ್ಟುತ್ತೆ, ಮತ್ತೆ ಮಗುಚಿಕೊಳ್ಳುತ್ತೆ. ತುಂಬು, ಖಾಲಿ, ತುಂಬು, ಖಾಲಿ... ಆ ಮಗುಚಾಟವೇ ಸದ್ದು. ನಾಬ್ ತಿರುಗಿಸೋದು ಅಂದರೆ ನಲ್ಲಿಯನ್ನು ದೊಡ್ಡದು ಚಿಕ್ಕದು ಮಾಡೋದು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಹಿಸ್ಟೆರಿಸಿಸ್ ಅಂದ್ರೆ ಇದೇನಾ ಮಾಮ?" ಅಂದ. ಆ ವಕ್ರರೇಖೆಯನ್ನು ಅವನು ಪರೀಕ್ಷೆಗೆ ಹತ್ತು ಸಲ ಬರೆದಿದ್ದಾನೆ. ಅದು ಏನಕ್ಕೆ ಬೇಕು ಅಂತ ತಿಳಿದದ್ದು ಅದು ಇಲ್ಲದ ಚಿಪ್ಪು ತಂದಾಗ. ಆ ತಪ್ಪು ಐಸಿ ನನ್ನ ಪಾಲಿಗೆ ಆ ದಿನದ ಅತ್ಯುತ್ತಮ ಖರೀದಿ.

ಅಂದ ಹಾಗೆ ಸ್ಮಿಟ್ ಅನ್ನೋದು ಮನುಷ್ಯನ ಹೆಸರು. ಆಟೋ ಸ್ಮಿಟ್ ಅಂತ. 1934ರಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಸ್ಕ್ವಿಡ್‌ನ (ನಮ್ಮ ಕರಾವಳಿಯವರು ಬೊಂಡಾಸ್ ಅಂತ ತಿನ್ನೋದು) ನರಗಳಲ್ಲಿ ಸಂದೇಶ ಹೇಗೆ ಹರಿಯುತ್ತೆ ಅನ್ನೋದರ ಅಧ್ಯಯನದಿಂದ ಈ ಸರ್ಕ್ಯೂಟು ಹುಟ್ಟಿತು. ಮೀನೂಟದಲ್ಲಿ ಬೊಂಡಾಸ್ ಸುಕ್ಕ ತಿನ್ನುವವರು ಇನ್ನು ಮೇಲೆ ಒಂದು ಕ್ಷಣ ಕೈ ಮುಗಿದು ತಿನ್ನಿ :)

ಮರುದಿನ ಮತ್ತೆ ಎಸ್.ಪಿ. ರೋಡು, ಸರಿಯಾದ ಐಸಿ. ನೀವು ಮಾಡುವಾಗ ಇನ್ನೊಂದು ಎಚ್ಚರ: 40106 ಸಿಗದೆ 74ಎಚ್‌ಸಿ14 ಕೊಟ್ಟರೆ ಅದೂ ಸ್ಮಿಟ್ ಟ್ರಿಗರೇ, ಆದರೆ ಅದಕ್ಕೆ 6 ವೋಲ್ಟ್ ದಾಟಬಾರದು. ಮೂರು ಪೆನ್‌ಟಾರ್ಚ್ ಸೆಲ್ ಸಾಕು. 9 ವೋಲ್ಟ್ ಕೊಟ್ಟರೆ ಶಿವಾಯ ನಮಃ.

ಈ ಸಲ ಬ್ಯಾಟರಿ ಸಿಕ್ಕಿಸಿದ ಕೂಡಲೇ ಸ್ಪೀಕರ್ ಕಿರುಚಿಕೊಂಡಿತು. ಹುಡುಗ ಬೆಚ್ಚಿ ಹಿಂದೆ ಸರಿದ, ಆಮೇಲೆ ನಕ್ಕ. ನಾಬ್ ಒಂದು ಕೊನೆಗೆ ತಿರುಗಿಸಿದಾಗ ಟಕ್ ಟಕ್ ಟಕ್ ಟಕ್, ಸೆಕೆಂಡಿಗೆ ಹತ್ತು ಹನ್ನೆರಡು. ನಿಧಾನವಾಗಿ ಇನ್ನೊಂದು ಕೊನೆಯ ಕಡೆ ತಿರುಗಿಸಿದ. ಟಕಟಕಟಕ, ಟರ್‍ರ್‍ರ್, ಗುರ್‍ರ್... ಒಂದು ಜಾಗದಲ್ಲಿ ಟಕಟಕ ಮಾಯವಾಗಿ ಗುಂಯ್ ಅನ್ನೋ ಸ್ವರ ಹುಟ್ಟಿತು. ಅದು ಏರುತ್ತಾ ಏರುತ್ತಾ ಕೊನೆಗೆ ಸಾವಿರ ಹರ್ಟ್ಸ್ ಆಸುಪಾಸಿನ ಕೀಂ.

"ಇನ್ನೊಂದ್ಸಲ" ಅಂದ. ಇನ್ನೊಂದು ಸಲ. ಮತ್ತೊಂದು ಸಲ.

ಮನುಷ್ಯರ ಕಿವಿಗೆ 20ರಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತೆ ಅಂತ ಹೈಸ್ಕೂಲಿನಲ್ಲೇ ಓದಿರ್ತೀವಿ. ಆ 20 ಅನ್ನೋ ಗಡಿ ಏನು ಅಂತ ನನಗೆ ಅರ್ಥವಾದದ್ದು ಅವತ್ತು. ಅದರ ಕೆಳಗೆ ಕಿವಿ ಏಟುಗಳನ್ನು ಒಂದೊಂದಾಗಿ ಎಣಿಸುತ್ತೆ, ಮೇಲೆ ಎಣಿಸೋದು ಬಿಟ್ಟು ಸ್ವರ ಅನ್ನುತ್ತೆ. ತಾಳ ಮತ್ತು ಶ್ರುತಿ ಒಂದೇ ವಸ್ತುವಿನ ಎರಡು ವೇಗಗಳು! ಇದನ್ನು ಯಾವ ರೆಕಾರ್ಡಿನಲ್ಲೂ ಬರೆದಿರಲಿಲ್ಲ.

ಆಮೇಲೆ ಸುಮ್ಮನೆ ಕೂರಲಾಗಲಿಲ್ಲ. ನಿಧಾನದ ಆಸಿಲೇಟರಿನ ಹೊರದಾರಿಯಿಂದ ವೇಗದ್ದರ ಒಳದಾರಿಗೆ ಒಂದು ಡಯೋಡ್ ಹಾಕಿದೆವು, ಪಟ್ಟಿ ಇರುವ ತುದಿ ನಿಧಾನದ ಕಡೆಗೆ. ಮೊದಲನೆಯದು ಎರಡನೆಯದರ ಬಾಯಿ ಮುಚ್ಚಿ ತೆಗೆದು ಮಾಡಿತು, ಟ್ರೀ... ಟ್ರೀ... ಟ್ರೀ... ಥೇಟ್ ಮಳೆಗಾಲದ ಜೀರುಂಡೆ. ನಾಬ್ ಜಾಗದಲ್ಲಿ ಬೆಳಕಿಗೆ ಬದಲಾಗುವ ರೆಸಿಸ್ಟರ್, ಅದೇ ಎಲ್‌ಡಿಆರ್, ಹಾಕಿ ಮೇಲೆ ಕೈ ಆಡಿಸಿದರೆ ನೆರಳಿಗೆ ತಕ್ಕಂತೆ ಸದ್ದು ಏಳುತ್ತೆ ಬೀಳುತ್ತೆ. ಕೊನೆಗೆ ನಾಬನ್ನೇ ಕಿತ್ತು, ಎರಡು ವೈರಿನ ತುದಿ ಬೆರಳಲ್ಲಿ ಹಿಡಿದರೆ ನಮ್ಮ ಚರ್ಮವೇ ರೆಸಿಸ್ಟರು. ಗಟ್ಟಿಯಾಗಿ ಒತ್ತಿದರೆ ಸದ್ದು ಮೇಲೆ, ಸಡಿಲಿಸಿದರೆ ಕೆಳಗೆ. ಬೆವೆತ ಕೈಗೆ ಒಂದು ಶ್ರುತಿ, ಒಣ ಕೈಗೆ ಇನ್ನೊಂದು. ಮೈಖೆಲ್ ವೈಸ್‌ವಿಸ್ಜ್ ಎಂಬ ಡಚ್ ಸಂಗೀತಗಾರರು 1970ರ ದಶಕದಲ್ಲಿ ಹೀಗೇ ಬೆರಳಿಟ್ಟು ನುಡಿಸುವ "ಕ್ರ್ಯಾಕಲ್ ಬಾಕ್ಸ್" ಮಾಡಿದ್ದರು. ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದ್ದು ಈ ಹಂತದಲ್ಲಿ.

ಅವರು ಹೋದ ಮೇಲೆ ಹುಡುಗ ಕೇಳಿದ, "ಅದ್ಸರಿ ಮಾಮ, ಇದರಿಂದ ಉಪಯೋಗ ಏನು?"

ಉತ್ತರ ಹೇಳುವ ಮೊದಲೇ ಅಮ್ಮ ನಿದ್ದೆಯಿಂದ ಎದ್ದು ಬಂದರು. ಬೈಯ್ತಾರೆ ಅಂದುಕೊಂಡೆ. ಆಗ ಎರಡು ಆಸಿಲೇಟರುಗಳು ಹೆಚ್ಚುಕಡಿಮೆ ಒಂದೇ ಸ್ವರದಲ್ಲಿ ವೊಂಯ್... ವೊಂಯ್... ವೊಂಯ್ ಅಂತ ತೂಗಾಡ್ತಿದ್ದವು. ಅಮ್ಮ ಅಲ್ಲೇ ನಿಂತು ಕೇಳಿ, "ಏನೋ ಅದು? ಶ್ರುತಿ ಸೇರಿಲ್ಲ ನೋಡು. ಒಂದು ಸ್ವಲ್ಪ ತಗ್ಗಿದೆ" ಅಂದರು.

ಅಮ್ಮ ಮದುವೆಗೆ ಮುಂಚೆ ಆರೇಳು ವರ್ಷ ಸಂಗೀತ ಕಲಿತವರು. ಆಮೇಲೆ ಮನೆ, ನಾವು, ಅಡಿಗೆ. ತಂಬೂರಿ ಯಾರ ಮನೆಗೋ ಹೋಯಿತು. ಅವರು ತಂಬೂರಿ ಶ್ರುತಿ ಮಾಡಿದ್ದನ್ನು ನಾನು ನೋಡೇ ಇಲ್ಲ.

"ನೀವೇ ಸೇರಿಸಿ ಅಜ್ಜಿ" ಅಂತ ಹುಡುಗ ಕುರ್ಚಿ ಎಳೆದ. ಅಮ್ಮ ಕೂತು, ತಲೆ ಸ್ವಲ್ಪ ವಾಲಿಸಿ, ನಾಬನ್ನು ಕೂದಲೆಳೆಯಷ್ಟು ತಿರುಗಿಸಿದರು. ವೊಂಯ್ ವೊಂಯ್ ನಿಧಾನವಾಯಿತು. ಇನ್ನೊಂದಿಷ್ಟು. ವೊಂ...ಯ್, ವೊಂ......ಯ್. ಆಮೇಲೆ ತೂಗಾಟ ನಿಂತೇ ಹೋಯಿತು. ಒಂದೇ ದಪ್ಪ ಸ್ವರ. "ಹಾಂ, ಸೇರಿತು" ಅಂದರು. ಅದರ ಮೇಲೆ ಮೆಲ್ಲಗೆ ಸ... ಪ... ಸ... ಅಂತ ಹಿಡಿದರು. ದನಿ ನಡುಗ್ತಿತ್ತು, ಶ್ರುತಿ ಮಾತ್ರ ಅಲ್ಲಾಡಲಿಲ್ಲ.

ಭೌತಶಾಸ್ತ್ರದಲ್ಲಿ ಇದಕ್ಕೆ ಬೀಟ್ಸ್ ಅಂತಾರೆ. 200 ಮತ್ತು 203 ಹರ್ಟ್ಸ್ ಒಟ್ಟಿಗೆ ನುಡಿದರೆ ಸೆಕೆಂಡಿಗೆ 3 ಸಲ ತೂಗಾಟ. ಪಿಯುಸಿಯಲ್ಲಿ ಎರಡು ಮಾರ್ಕಿನ ಲೆಕ್ಕ. ಅಮ್ಮ ಆ ಲೆಕ್ಕವನ್ನು ಕಿವಿಯಲ್ಲೇ ಮಾಡ್ತಿದ್ದರು, ಅದಕ್ಕೆ ಹೆಸರಿದೆ ಅಂತ ಅವರಿಗೆ ಬೇಕಿರಲಿಲ್ಲ. ಕೊನೆಯ ಕೂದಲೆಳೆಯಲ್ಲಿ ಡಬ್ಬಿಯೂ ಸ್ವಲ್ಪ ಸಹಾಯ ಮಾಡಿರುತ್ತೆ, ಅದನ್ನೂ ಹೇಳಿಬಿಡ್ತೀನಿ. ಒಂದೇ ಚಿಪ್ಪಿನಲ್ಲಿ, ಒಂದೇ ಬ್ಯಾಟರಿಯಲ್ಲಿ ಕೂತ ಎರಡು ಆಸಿಲೇಟರುಗಳು ತೀರಾ ಹತ್ತಿರ ಬಂದರೆ ತಾವೇ ಒಂದಕ್ಕೊಂದು ಅಂಟಿಕೊಳ್ಳುವುದುಂಟು. ಒಂದೇ ತೊಲೆಗೆ ತೂಗುಹಾಕಿದ ಎರಡು ಲೋಲಕದ ಗಡಿಯಾರಗಳು ಹೀಗೆ ಹೆಜ್ಜೆ ಸೇರಿಸುವುದನ್ನು ಹೈಗೆನ್ಸ್ 1665ರಲ್ಲೇ ಗಮನಿಸಿದ್ದ.

ಇನ್ನೊಂದು ವಿಷಯ. ಇವತ್ತು ಮನೆ ಮನೆಯ ಸಂಗೀತ ಪಾಠದಲ್ಲಿ ಕೇಳುವ ಎಲೆಕ್ಟ್ರಾನಿಕ್ ತಂಬೂರಿ ನಮ್ಮ ಬೆಂಗಳೂರಿನ ಕೂಸು. ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್‌ನಾರಾಯಣ್ 1979ರಲ್ಲಿ ಮಾಡಿದ್ದು. ಕಿವಿ ಇರುವ ಎಂಜಿನಿಯರ್ ಏನು ಮಾಡಬಲ್ಲ ಅನ್ನೋದಕ್ಕೆ ಬೇರೆ ಉದಾಹರಣೆ ಬೇಕಾ? ಅಷ್ಟೇ ಅಲ್ಲ, 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಡೇವಿಡ್ ಟ್ಯೂಡರ್ ಒಂದು ಮೂಗ್ ಸಿಂಥಸೈಜರ್ ತಂದು ಸ್ಟುಡಿಯೋ ಕಟ್ಟಿಕೊಟ್ಟಿದ್ದರು. ಗೀತಾ ಸಾರಾಭಾಯ್, ಅತುಲ್ ದೇಸಾಯ್ ಮುಂತಾದವರು 1972ರವರೆಗೆ ಅದರಲ್ಲಿ ವಿಚಿತ್ರ ವಿಚಿತ್ರ ಸದ್ದುಗಳನ್ನು ಹುಡುಕಿದರು. ಆ ಟೇಪುಗಳು ದಶಕಗಳ ಕಾಲ ಮರೆತುಹೋಗಿ, 2023ರಲ್ಲಿ ಆಲ್ಬಮ್ ಆಗಿ ಹೊರಬಂದವು. ಗಲಾಟೆ ಮಾಡೋದು ನಮಗೇನೂ ಹೊಸದಲ್ಲ, ಮುಂದುವರಿಸೋದನ್ನ ಮರೆತೆವು ಅಷ್ಟೆ.

ಈಗ ಹುಡುಗನ ಪ್ರಶ್ನೆ. ಉಪಯೋಗ ಏನು?

ಚಿಕ್ಕವರಿದ್ದಾಗ ಪಪ್ಪಾಯಿ ಎಲೆಯ ದಂಟು ಕತ್ತರಿಸಿ ಪೀಪಿ ಮಾಡ್ತಿದ್ದೆವು. ಮಾವಿನ ಓಟೆಯನ್ನು ಕಲ್ಲಿಗೆ ಉಜ್ಜಿ ಊದ್ತಿದ್ದೆವು. ಆಗ ಯಾರೂ ಉಪಯೋಗ ಕೇಳಲಿಲ್ಲ, "ಸಾಕು ನಿಲ್ಸೋ" ಅಂದರು ಅಷ್ಟೇ. ದಂಟು ಉದ್ದ ಇದ್ದರೆ ಸದ್ದು ದಪ್ಪ, ಗಿಡ್ಡ ಇದ್ದರೆ ಕೀರಲು ಅನ್ನೋದನ್ನು ಯಾವ ಮೇಷ್ಟ್ರೂ ಹೇಳಿಕೊಡಬೇಕಾಗಿರಲಿಲ್ಲ. ಗಲಾಟೆ ಡಬ್ಬಿ ಅದರದೇ ತಮ್ಮ.

ನನ್ನ ವಾದ ಇಷ್ಟೇ: ಎಲೆಕ್ಟ್ರಾನಿಕ್ಸ್ ಓದುವ ಹುಡುಗ ಹುಡುಗಿಯರು ಡಿಪ್ಲೊಮಾ ಇರಲಿ, ಎಂಜಿನಿಯರಿಂಗ್ ಇರಲಿ, ಕೈಯಾರೆ ಕಟ್ಟುವ ಮೊದಲ ಸರ್ಕ್ಯೂಟು ಸದ್ದು ಮಾಡುವಂಥದ್ದಾಗಿರಬೇಕು. ಅದಕ್ಕೆ "ಬರಬೇಕಾದ ಉತ್ತರ" ಇರಕೂಡದು. ಉತ್ತರ ಮೊದಲೇ ಗೊತ್ತಿರುವ ಪ್ರಯೋಗದಲ್ಲಿ ಮಕ್ಕಳು ಕಲಿಯೋದು ಒಂದೇ ವಿದ್ಯೆ, ಉತ್ತರಕ್ಕೆ ತಕ್ಕಂತೆ ರೀಡಿಂಗ್ ಹೊಂದಿಸೋದು. ಸದ್ದಿಗೆ ಆ ಮೋಸ ನಡೆಯಲ್ಲ. ಕೇಳಿದರೆ ಕೇಳಿತು, ಇಲ್ಲದಿದ್ದರೆ ಇಲ್ಲ. ಸೀನಿಯರ್‌ನ ಸದ್ದನ್ನು ಮಕ್ಕಿಕಾಮಕ್ಕಿ ಇಳಿಸಲು ಬರಲ್ಲ.

"ಈಗೆಲ್ಲ ಮೊಬೈಲಲ್ಲೇ ಸಿಂಥಸೈಜರ್ ಆ್ಯಪ್ ಇದೆಯಲ್ಲ, ಸಿಮ್ಯುಲೇಟರ್ ಇದೆಯಲ್ಲ" ಅಂತ ಕೆಲವರು ಅಂದರು. ಇದೆ, ಚೆನ್ನಾಗಿಯೂ ಇದೆ. ಆದರೆ ಸಿಮ್ಯುಲೇಟರಿನಲ್ಲಿ 40106 ಅಂತ ಒತ್ತಿದರೆ 40106ಏ ಬರುತ್ತೆ. ತಪ್ಪು ಐಸಿ ಜೇಬಿಗೆ ಬೀಳಲ್ಲ, ಬೆವೆತ ಬೆರಳು ಅಲ್ಲಿಲ್ಲ, ಸಡಿಲ ವೈರಿಲ್ಲ. ನಾವು ಕಲಿತದ್ದೆಲ್ಲ ಆ ಮೂರರಿಂದಲೇ.

"ಲೆಕ್ಕ ಬೇಡವೇ, ಬರೀ ಆಟವೇ?" ಅಂತ ನನ್ನ ಸ್ನೇಹಿತನೊಬ್ಬ, ಸ್ವತಃ ಮೇಷ್ಟ್ರು, ಜಗಳಕ್ಕೆ ಬಂದ. ಲೆಕ್ಕ ಖಂಡಿತ ಬೇಕು. ಆದರೆ ನಮ್ಮ ಹುಡುಗ ಆ ರಾತ್ರಿ ತಾನಾಗಿಯೇ ಕಾಗದ ತೆಗೆದು, 0.1 ಮೈಕ್ರೋಫ್ಯಾರಡ್ ಬದಲು 0.01 ಹಾಕಿದರೆ ಎಷ್ಟಾಗುತ್ತೆ ಅಂತ ಲೆಕ್ಕ ಹಾಕಿದ. ಹತ್ತು ಪಟ್ಟು ಏರಬೇಕು ಅಂದ. ಹಾಕಿ ಕೇಳಿದ. ಏರಿತು. ಹಸಿವಾದ ಮೇಲೆ ಊಟ ಬಡಿಸೋದಕ್ಕೂ ಹೊಟ್ಟೆ ತುಂಬಿದವನಿಗೆ ತುರುಕೋದಕ್ಕೂ ವ್ಯತ್ಯಾಸ ಇಲ್ಲವೇ?

ಇನ್ನು ಕಳೆದ ವಾರದ ಫೋನು.

ಹುಡುಗ ಕಾಲೇಜಿಗೆ ವಾಪಸ್ ಹೋದ. ಲ್ಯಾಬಿನಲ್ಲಿ ಈ ಸಲ ಬಂದ ಪ್ರಯೋಗ, ನಂಬ್ತೀರೋ ಇಲ್ಲವೋ, ಸ್ಮಿಟ್ ಟ್ರಿಗರ್! 741 ಆಪ್‌ಆಂಪ್‌ನಲ್ಲಿ. ಮೇಲಿನ ಗುರುತು ಎಷ್ಟು ವೋಲ್ಟ್, ಕೆಳಗಿನದು ಎಷ್ಟು ಅಂತ ಅಳೆಯಬೇಕು. 12 ವೋಲ್ಟ್ ಸಪ್ಲೈ, 10 ಕಿಲೋ ಮತ್ತು 1 ಕಿಲೋಓಮ್ ರೆಸಿಸ್ಟರುಗಳು. ಪುಸ್ತಕದ ಪ್ರಕಾರ 1.09 ವೋಲ್ಟ್ ಬರಬೇಕು. ಅವನಿಗೆ ಬಂದದ್ದು 0.96. ಬ್ಯಾಚಿನ ಉಳಿದವರೆಲ್ಲ 1.08, 1.09, 1.1 ಅಂತ ಬರೆದರು. ಇವನು 0.96 ಅಂತಲೇ ಬರೆದು, ಕೆಳಗೆ ಕಾರಣವನ್ನೂ ಬರೆದ: 741ರ ಔಟ್‌ಪುಟ್ ಪೂರ್ತಿ 12 ವೋಲ್ಟ್‌ವರೆಗೆ ಹೋಗಲ್ಲ, ಹತ್ತೂವರೆಯ ಸುತ್ತ ನಿಂತುಬಿಡುತ್ತೆ, ಆದ್ದರಿಂದ ಗುರುತೂ ಕೆಳಗಿಳಿಯುತ್ತೆ.

ನೂರಕ್ಕೆ ನೂರು ಸರಿ. ನನ್ನ ಬಳಿ ಕೆಲಸಕ್ಕೆ ಬಂದಿದ್ದರೆ ಆ ಒಂದು ಸಾಲಿಗೆ ತಗೊಂಡುಬಿಡ್ತಿದ್ದೆ.

ರೆಕಾರ್ಡ್ ವಾಪಸ್ ಬಂತು. ಕೆಂಪು ಶಾಯಿಯಲ್ಲಿ, ಮೌಲ್ಯ ಹೊಂದುತ್ತಿಲ್ಲ, ಪ್ರಯೋಗ ಮತ್ತೆ ಮಾಡಿ. ಎರಡನೇ ಸಲವೂ 0.96 ಬಂತು. ಎರಡನೇ ಸಲವೂ ಅದನ್ನೇ ಬರೆದ. ಮಾರ್ಕ್ಸ್ ಕಡಿತ.

"ಏನ್ ಮಾಡ್ಲಿ ಮಾಮ? 1.09 ಅಂತ ಬರೆದುಬಿಡ್ಲಾ?" ಅಂತ ಕೇಳಿದ. ದನಿಯಲ್ಲಿ ಅಳುವಿರಲಿಲ್ಲ, ಕೋಪ ಇತ್ತು.

ನನಗೆ ಒಂದು ನಿಮಿಷ ಮಾತೇ ಹೊರಡಲಿಲ್ಲ. ಎರಡು ತಿಂಗಳ ಹಿಂದೆ ಇದೇ ಹುಡುಗ ಇನ್ನೊಬ್ಬರ ರೀಡಿಂಗ್ ನಿರಾತಂಕವಾಗಿ ಇಳಿಸ್ತಿದ್ದ, ಪೂರ್ತಿ ಮಾರ್ಕ್ಸ್ ತಗೊಳ್ತಿದ್ದ. ಗಲಾಟೆ ಡಬ್ಬಿ ಮಾಡಿಸಿ ಅವನನ್ನು ಕೆಡಿಸಿದೆನಾ? ಪ್ಲೇಸ್‌ಮೆಂಟಿಗೆ ಬರುವ ಕಂಪನಿ 0.96ರ ಕಥೆ ಕೇಳಲ್ಲ, ಒಟ್ಟು ಅಂಕ ಕೇಳುತ್ತೆ. ಅವನ ಮೇಡಂ ಮೇಲೂ ನನಗೆ ಸಿಟ್ಟಿಲ್ಲ. ಅರವತ್ತು ರೆಕಾರ್ಡು ತಿದ್ದಬೇಕು, ಹೊರಗಿನ ಪರೀಕ್ಷಕರು ಬಂದಾಗ ಎಲ್ಲವೂ ಒಂದೇ ಥರ ಕಾಣಬೇಕು. ಅವರೂ ಹೀಗೇ ಪಾಸಾಗಿ ಬಂದವರು, ನಾನೂ ಹೀಗೇ ಬಂದವನು. ನನ್ನ ರೆಕಾರ್ಡಿನ ಆ 1 ಕಿಲೋಹರ್ಟ್ಸ್ ಚೌಕದ ಅಲೆ ಇನ್ನೂ ಎಲ್ಲೋ ಅಟ್ಟದ ಮೇಲಿರಬೇಕು, ಶುದ್ಧ ಸುಳ್ಳು, ಸಹಿ ಸಮೇತ.

"ಬೇಡ, 0.96 ಇರಲಿ" ಅಂದೆ. ಹೇಳೋದು ನನಗೆ ಸುಲಭ, ಮಾರ್ಕ್ಸ್ ಹೋಗೋದು ಅವನದ್ದು. ಅದೂ ನನಗೆ ಗೊತ್ತು.

ಅದಕ್ಕೇ ಇದನ್ನು ಇಲ್ಲಿ ಬರೀತಿದ್ದೇನೆ. ನಿಮ್ಮಲ್ಲಿ ಪಾಠ ಮಾಡುವವರಿದ್ದೀರಿ, ಎಂಜಿನಿಯರುಗಳಿದ್ದೀರಿ, ಕಾಲೇಜಿಗೆ ಹೋಗುವ ಮಕ್ಕಳಿರುವವರಿದ್ದೀರಿ. ಸಿಲಬಸ್ ಬದಲಾಯಿಸೋದು ನಮ್ಮ ಕೈಲಿಲ್ಲ. ಆದರೆ ಮೇಷ್ಟ್ರುಗಳೇ, ಒಂದೇ ಒಂದು ಪ್ರಯೋಗಕ್ಕಾದರೂ "ಬಂದದ್ದನ್ನೇ ಬರೀರಿ, ಯಾಕೆ ಹಾಗೆ ಬಂತು ಅಂತ ಹೇಳಿದರೆ ಅದಕ್ಕೇ ಮಾರ್ಕ್ಸ್" ಅಂತ ಹೇಳಿನೋಡಿ. ಮನೆಯವರೇ, ಒಂದು ಭಾನುವಾರ 300 ರೂಪಾಯಿ ಖರ್ಚು ಮಾಡಿ ಮಕ್ಕಳ ಜೊತೆ ಗಲಾಟೆ ಮಾಡಿ. ಪಕ್ಕದ ಮನೆಯವರಿಗೆ ಮೊದಲೇ ಹೇಳಿರಿ.

ನಮ್ಮ ಡಬ್ಬಿ ಈಗ ಅಮ್ಮನ ಕೋಣೆಯಲ್ಲಿದೆ. ಹುಡುಗ ಹೋಗುವ ಮುಂಚೆ ಎರಡು ಆಸಿಲೇಟರುಗಳನ್ನು ಒಂದು ಹಳೇ ಸಿಹಿ ಡಬ್ಬಿಯೊಳಗೆ ಕೂರಿಸಿ, ಮೂರನೆಯದನ್ನು ಕಿತ್ತು, ಅಜ್ಜಿಯ ಶ್ರುತಿಗೆ ಹೊಂದಿಸಿಕೊಟ್ಟು ಹೋದ. ಬಿಸಿಲೇರಿದರೆ, ಬ್ಯಾಟರಿ ಇಳಿದರೆ ಶ್ರುತಿ ಜಾರುತ್ತೆ. ಅಮ್ಮ ಬೈಯ್ತಾ ಬೈಯ್ತಾ ಮತ್ತೆ ಸೇರಿಸ್ತಾರೆ. ಈಗ ಇದನ್ನು ಟೈಪ್ ಮಾಡ್ತಿರುವಾಗಲೂ ಒಳಗಿಂದ ವೊಂಯ್ ವೊಂಯ್ ಕೇಳ್ತಿದೆ...

ನಿಂತಿತು. ಸೇರಿತು ಅಂತ ಕಾಣುತ್ತೆ.